ಜನ ಬರುತ್ತಾರೆ, ನಿಲ್ಲುವುದಿಲ್ಲ: ಡಿಜಿಟಲ್ ಕಾರ್ಡ್ ಆಟದ ದೋಷ ಹುಡುಕುವ ಕೈಪಿಡಿ

ದೂರು ಯಾವಾಗಲೂ ಒಂದೇ ತರ ಇರುತ್ತದೆ. ಡೌನ್‌ಲೋಡ್ ಚೆನ್ನಾಗಿದೆ, ಆಡುವವರೇ ಇಲ್ಲ.

ನಾವು ನಾಲ್ಕು ಜನ ಮೈಸೂರಿನ ಸರಸ್ವತಿಪುರಂನ ಒಂದು ಮಹಡಿ ಮನೆಯಲ್ಲಿ ಕೂತು ಮೊಬೈಲಿಗೆ ಕಾರ್ಡ್ ಆಟ ಮಾಡಿದೆವು. ಬಿಡುಗಡೆಯಾದ ವಾರ ಖುಷಿಯೋ ಖುಷಿ. ಮೂರನೇ ವಾರ ಆಟ ತೆರೆದು ಎದುರಾಳಿಗಾಗಿ ಕಾದರೆ ಸಿಗುತ್ತಿದ್ದವನು ನಮ್ಮ ತಂಡದ ಹುಡುಗನೇ. ಅವನು ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದ.

ಇಲ್ಲಿ ಕಾರ್ಡ್ ಆಟ ಅಂದರೆ ರಮ್ಮಿ ಅಲ್ಲ. ಎಲ್ಲರಿಗೂ ಒಂದೇ ಕಟ್ಟಿನಿಂದ ಎಲೆ ಹಂಚುವ ಆಟವಲ್ಲ. ಒಬ್ಬೊಬ್ಬರೂ ತಮ್ಮದೇ ಕಾರ್ಡ್ ಕೂಡಿಸಿಕೊಂಡು, ಅದರಲ್ಲಿ ಬೇಕಾದ್ದನ್ನು ಆರಿಸಿ, ತಮ್ಮದೇ ಡೆಕ್ ಕಟ್ಟಿಕೊಂಡು ಬರುವ ಆಟ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಮಾಡಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಈ ಜಾತಿಗೆ ಮೊದಲು. ಫೋನಿಗೂ ಕಂಪ್ಯೂಟರಿಗೂ ಅದನ್ನು ಮನೆಮಾತು ಮಾಡಿದ್ದು 2014ರ 'ಹಾರ್ತ್‌ಸ್ಟೋನ್'. ಅದರ ಹಿಂದೆಯೇ ಹತ್ತಾರು ಆಟ ಬಂದವು. ಬಹಳಷ್ಟು ಬಾಗಿಲು ಮುಚ್ಚಿದವು. ಮುಚ್ಚಿದವರಲ್ಲಿ ದುಡ್ಡಿಲ್ಲದ ನಮ್ಮಂಥವರು ಮಾತ್ರ ಇದ್ದರು ಅಂದುಕೊಳ್ಳಬೇಡಿ.

ಮೊದಲು ಏನನ್ನೂ ಮುಟ್ಟಬೇಡಿ

ಜನ ಹೋಗುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಕೈ ತುರಿಸುತ್ತದೆ. ಹೊಸ ಕಾರ್ಡ್ ಬಿಡೋಣ, ನಾಣ್ಯ ಪುಕ್ಕಟೆ ಕೊಡೋಣ, ಬಣ್ಣ ಬದಲಾಯಿಸೋಣ ಅನ್ನಿಸುತ್ತದೆ. ನಾವು ಮೂರನ್ನೂ ಒಂದೇ ವಾರದಲ್ಲಿ ಮಾಡಿದೆವು. ಸ್ವಲ್ಪ ಜನ ವಾಪಸ್ ಬಂದರು, ಮತ್ತೆ ಹೋದರು. ಯಾವುದಕ್ಕೆ ಬಂದರು, ಯಾವುದಕ್ಕೆ ಹೋದರು, ಒಂದೂ ತಿಳಿಯಲಿಲ್ಲ. ಡಾಕ್ಟರ ಹತ್ತಿರ ಹೋಗುವ ಮೊದಲೇ ಮೂರು ತರದ ಮಾತ್ರೆ ನುಂಗಿ, ಆಮೇಲೆ ಜ್ವರ ಎಷ್ಟಿತ್ತು ಅಂತ ಕೇಳಿದ ಹಾಗಾಯಿತು.

ಎರಡು ವಾರ ಆಟವನ್ನು ಇದ್ದ ಹಾಗೇ ಬಿಡಿ. ಜಾಹೀರಾತೂ ಬೇಡ. ನೋಡುವುದು, ಬರೆದುಕೊಳ್ಳುವುದು, ಅಷ್ಟೇ ಕೆಲಸ.

ಒಳಹರಿವು, ಹೊರಹರಿವು

ನಮ್ಮ ಕಡೆ ಮಳೆಗಾಲದಲ್ಲಿ ಪೇಪರ್ ಬಂದ ತಕ್ಷಣ ಕೆಆರ್‌ಎಸ್ ಮಟ್ಟ ನೋಡುತ್ತಾರೆ. ಮಂಡ್ಯದವರಂತೂ 124.80 ಅಡಿ ತುಂಬಲು ಎಷ್ಟು ಬಾಕಿ ಅಂತ ನಿದ್ದೆಯಲ್ಲೂ ಹೇಳುತ್ತಾರೆ. ಆದರೆ ತಿಳಿದ ರೈತ ಮಟ್ಟ ಒಂದನ್ನೇ ನೋಡುವುದಿಲ್ಲ. ಪಕ್ಕದಲ್ಲಿರುವ ಒಳಹರಿವು, ಹೊರಹರಿವು ಎರಡನ್ನೂ ನೋಡುತ್ತಾನೆ.

ಆಟಕ್ಕೂ ಹಾಗೇ ನೋಡಬೇಕು. ಇವತ್ತು ಒಟ್ಟು ಎಷ್ಟು ಜನ ಆಡಿದರು ಅನ್ನುವುದು ಬರೀ ಮಟ್ಟ. ಜಾಹೀರಾತಿಗೆ ದುಡ್ಡು ಸುರಿಯುತ್ತಿದ್ದರೆ ಒಳಹರಿವು ಜೋರಾಗಿರುತ್ತದೆ, ಸೋರಿಕೆ ಕಾಣುವುದೇ ಇಲ್ಲ. ಒಂದೇ ವಾರದಲ್ಲಿ ಸೇರಿದವರನ್ನು ಒಂದು ಗುಂಪು ಮಾಡಿ. ಅವರಲ್ಲಿ ಮರುದಿನ ಎಷ್ಟು ಜನ ಬಂದರು, ಏಳನೇ ದಿನ ಎಷ್ಟು, ಮೂವತ್ತನೇ ದಿನ ಎಷ್ಟು ಅಂತ ಗುರುತು ಹಾಕಿ. ಮುಂದಿನ ವಾರದವರನ್ನು ಅದರ ಕೆಳಗಿನ ಸಾಲಿನಲ್ಲಿ ಬರೆಯಿರಿ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ, ಒಂದು ಎಕ್ಸೆಲ್ ಹಾಳೆ ಸಾಕು.

ಮೊದಲ ದಿನವೇ ಬಹಳ ಜನ ಹೋದರೆ ದೋಷ ಕಲಿಸುವ ರೀತಿಯಲ್ಲೋ ಫೋನಿನಲ್ಲೋ ಇರುತ್ತದೆ. ಒಂದು ವಾರ ಆಡಿ ಹೋದರೆ ಕಾರ್ಡ್ ಕೂಡಿಸುವ ದಾರಿಯಲ್ಲಿ ಹುಡುಕಿ. ಒಂದೆರಡು ತಿಂಗಳು ನಿಷ್ಠೆಯಿಂದ ಆಡಿದವರು ಹೋಗುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಅದನ್ನು ಕೊನೆಯಲ್ಲಿ ನೋಡೋಣ.

ಒಂದೇ ಪ್ರಶ್ನೆಯ ಪರೀಕ್ಷೆ

ಅಂಕಿ ಅಂಶ ಎಲ್ಲಿ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಆಟ ಬಿಟ್ಟವರನ್ನು ಕೇಳಿದರೂ ನಿಜ ಸಿಗುವುದು ಕಷ್ಟ. "ಟೈಮ್ ಆಗ್ಲಿಲ್ಲ" ಅನ್ನುತ್ತಾರೆ. ಮದುವೆಗೆ ಬರದವರು ಹೇಳುವ ಕಾರಣದ ಹಾಗೆ ಅದು. ಸುಳ್ಳಲ್ಲ, ನಿಜವೂ ಅಲ್ಲ.

ನಾವು ಎಡವಿ ಎಡವಿ ಕಂಡುಕೊಂಡ ಪರೀಕ್ಷೆ ಬೇರೆ. ಆಟ ಗೊತ್ತಿಲ್ಲದ ಏಳೆಂಟು ಜನರನ್ನು ಹಿಡಿಯಿರಿ. ಅವರು ಆಡಲಿ, ನೀವು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಿ. ಸೋತ ತಕ್ಷಣ, ಅರ್ಧ ನಿಮಿಷದೊಳಗೆ, ಒಂದೇ ಪ್ರಶ್ನೆ ಕೇಳಿ: "ಯಾಕೆ ಸೋತೆ?"

ಬಂದ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. "ಆ ಡ್ರ್ಯಾಗನ್ ಕಾರ್ಡನ್ನು ಬೇಗ ಇಳಿಸಿಬಿಟ್ಟೆ, ಕಾಯಬೇಕಿತ್ತು" ಅಂದರೆ ಆ ಆಟಗಾರ ಆರೋಗ್ಯವಾಗಿದ್ದಾನೆ. ಮತ್ತೆ ಆಡುತ್ತಾನೆ. ಉಳಿದ ಉತ್ತರಗಳೆಲ್ಲ ಒಂದೊಂದು ದೋಷದ ಗುರುತು. ನಮ್ಮ ನೋಟ್‌ಬುಕ್ಕಿನಲ್ಲಿ ಮತ್ತೆ ಮತ್ತೆ ಬಂದ ಉತ್ತರಗಳನ್ನೇ ಕೆಳಗೆ ತಲೆಬರಹ ಮಾಡಿದ್ದೇನೆ.

"ಏನ್ ನಡೀತಿದೆ ಅಂತಾನೇ ತಿಳೀಲಿಲ್ಲ"

ಇದು ಮೊದಲ ಹತ್ತು ನಿಮಿಷದ ದೋಷ. ಆಟ ಮಾಡಿದವರಿಗೆ ಇದು ಕಾಣುವುದಿಲ್ಲ. ನಿಯಮ ಬರೆದವರಿಗೆ ನಿಯಮ ಕಷ್ಟ ಅನ್ನಿಸುವುದಾದರೂ ಹೇಗೆ?

ಇದಕ್ಕೆ ನಮ್ಮ ಊರಲ್ಲೇ ಹಳೆಯ ಉದಾಹರಣೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಆಟಗಳ ಹುಚ್ಚಿದ್ದ ಅರಸರು. ಅವರ ಕಾಲದ 'ಶ್ರೀತತ್ತ್ವನಿಧಿ' ಗ್ರಂಥದಲ್ಲಿ ಕೌತುಕ ನಿಧಿ ಅಂತ ಒಂದು ಭಾಗವಿದೆ. ಅದರಲ್ಲಿ ಗಂಜೀಫಾ ಅನ್ನುವ ಹಳೆಯ ಎಲೆಯಾಟಗಳ ವಿವರ ಬರುತ್ತದೆ. ಮೊಘಲ್ ಗಂಜೀಫಾದಲ್ಲಿ 8 ಬಣ್ಣ, 96 ಎಲೆ. ದಶಾವತಾರ ಗಂಜೀಫಾದಲ್ಲಿ 10 ಬಣ್ಣ, 120 ಎಲೆ. ಅರಸರು ಅಲ್ಲಿಗೆ ನಿಲ್ಲಲಿಲ್ಲ. ಅವರು ರೂಪಿಸಿದ ಕೆಲವು ಆಟಗಳಲ್ಲಿ ಎಲೆಗಳ ಎಣಿಕೆ 300 ದಾಟಿತು. ಮೈಸೂರು ಗಂಜೀಫಾದ ಚಿತ್ರಕಲೆ ಇವತ್ತಿಗೂ ಉಳಿದಿದೆ, ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಜನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಆದರೆ ಕೂತು ಆಡುವ ನಾಲ್ಕು ಜನರನ್ನು ಹುಡುಕಿ ನೋಡಿ. ಅದೇ ಅಗ್ರಹಾರದ ಜಗಲಿಯಲ್ಲಿ 52 ಎಲೆಯ ಇಸ್ಪೀಟು ಮಾತ್ರ ಹಾಯಾಗಿ ನಡೆಯುತ್ತಿರುತ್ತದೆ.

ನಮ್ಮ ಆಟದಲ್ಲೂ ಗಂಜೀಫಾ ಶೈಲಿಯ ಚಿತ್ರಗಳೇ ಇದ್ದವು. "ಚಿತ್ರ ಸೂಪರ್" ಅಂತ ಬರೆದು, ಐದು ನಕ್ಷತ್ರ ಕೊಟ್ಟು, ಆಟ ಅಳಿಸಿ ಹೋದವರು ಎಷ್ಟೋ ಜನ. ಚಿತ್ರ ಜನರನ್ನು ಬಾಗಿಲವರೆಗೆ ಕರೆತರುತ್ತದೆ, ಒಳಗೆ ಕೂರಿಸುವುದಿಲ್ಲ.

ದೊಡ್ಡವರ ಉದಾಹರಣೆ ಬೇಕೆಂದರೆ ವಾಲ್ವ್ ಕಂಪನಿಯ 'ಆರ್ಟಿಫ್ಯಾಕ್ಟ್' ನೋಡಿ. 2018ರ ನವೆಂಬರ್‌ನಲ್ಲಿ ಬಂತು. ವಿನ್ಯಾಸ ಮಾಡಿದವರಲ್ಲಿ ಮ್ಯಾಜಿಕ್‌ನ ಅದೇ ಗಾರ್ಫೀಲ್ಡ್ ಇದ್ದರು. ಕಂಪನಿಗೆ ದುಡ್ಡಿಗೂ ಹೆಸರಿಗೂ ಕೊರತೆ ಇರಲಿಲ್ಲ. ಆದರೆ ಒಂದೇ ಆಟದಲ್ಲಿ ಮೂರು ಅಂಕಣ, ಐದು ಹೀರೋಗಳು, ಕನಿಷ್ಠ 40 ಕಾರ್ಡಿನ ಡೆಕ್, ನಡುವೆ ಒಂದು ಅಂಗಡಿ ಬೇರೆ. ಕೆಲವೇ ತಿಂಗಳಲ್ಲಿ ಆಡುವವರು ಬೆರಳೆಣಿಕೆಯಷ್ಟಾದರು. ಇದಕ್ಕೆ ವಿರುದ್ಧವಾಗಿ 2022ರ 'ಮಾರ್ವೆಲ್ ಸ್ನ್ಯಾಪ್'ನಲ್ಲಿ ಡೆಕ್ಕಿಗೆ 12 ಕಾರ್ಡ್, ಆಟಕ್ಕೆ ಸಾಮಾನ್ಯವಾಗಿ ಆರು ಸುತ್ತು. ಅಲ್ಲೂ ಮೂರು ಜಾಗ ಇವೆ. ಹಾಗಾಗಿ ಮೂರು ಅನ್ನುವುದೇ ತಪ್ಪಲ್ಲ. ಒಂದೇ ಸಲಕ್ಕೆ ತಲೆಯಲ್ಲಿ ಎಷ್ಟು ಹಿಡಿದುಕೊಳ್ಳಬೇಕು ಅನ್ನುವುದು ಮುಖ್ಯ. 2024ರಲ್ಲಿ ಬಂದ ಪೋಕೆಮಾನ್‌ನ ಪಾಕೆಟ್ ಆಟವೂ ಇದನ್ನೇ ಮಾಡಿತು. ಕಾಗದದ ಆಟದಲ್ಲಿ 60 ಕಾರ್ಡಿನ ಡೆಕ್, ಫೋನಿನಲ್ಲಿ 20.

ಮಾಡಬೇಕಾದ್ದು: ಕಲಿಸುವ ಪಾಠವನ್ನು ಉದ್ದ ಮಾಡಬೇಡಿ, ಮೊದಲ ಆಟವನ್ನೇ ಚಿಕ್ಕದು ಮಾಡಿ. ನಾವು ಹನ್ನೊಂದು ಪರದೆಯ ಪಾಠ ಬರೆದಿದ್ದೆವು. ಅಕ್ಕನ ಮಗ ಎಲ್ಲವನ್ನೂ ಓದದೆ ತಳ್ಳಿ, ಆಟಕ್ಕೆ ಇಳಿದು, "ಮಾವ, ಈಗ ಏನು ಒತ್ತಬೇಕು?" ಅಂದ. ಈಗ ಪಾಠವೇ ಇಲ್ಲ. ಮೊದಲ ಆಟದಲ್ಲಿ ಆರೇ ಕಾರ್ಡ್, ಒಂದೇ ತರದ ಕೆಲಸ. ಎರಡನೇ ಆಟದಲ್ಲಿ ಇನ್ನೊಂದು.

"ನೆಟ್ ಹೋಯ್ತು"

ಇದನ್ನು ಬೇಗ ಮುಗಿಸಬಹುದು, ಯಾಕಂದರೆ ಪರಿಹಾರ ಗೊತ್ತಿರುವುದೇ. ಮೈಸೂರು–ಬೆಂಗಳೂರು ರೈಲಿನಲ್ಲಿ ಫೋನ್ ಹಿಡಿದು ಆಡಿ ನೋಡಿ. ಮಂಡ್ಯ ದಾಟಿ ಚನ್ನಪಟ್ಟಣ ಬರುವುದರೊಳಗೆ ನಿಮ್ಮ ಆಟ ಎಷ್ಟು ಸಲ ಬಿದ್ದು ಎದ್ದಿತು ಅಂತ ಎಣಿಸಿ. ನಮ್ಮದು ಸಿಗ್ನಲ್ ಹೋದ ಹತ್ತೇ ಸೆಕೆಂಡಿಗೆ ಸೋಲು ಬರೆದುಬಿಡುತ್ತಿತ್ತು. ಕಚೇರಿಯ ವೈಫೈನಲ್ಲಿ ಕೂತು ಪರೀಕ್ಷೆ ಮಾಡಿದವರಿಗೆ ಇದು ಹೊಳೆಯುವುದೇ ಇಲ್ಲ.

ಆಟದ ಸ್ಥಿತಿ ಸರ್ವರ್‌ನಲ್ಲಿ ಉಳಿಯಲಿ. ವಾಪಸ್ ಬಂದವರನ್ನು ಅದೇ ಜಾಗಕ್ಕೆ ಕೂರಿಸಿ. ಒಂದು ಸರದಿ ತಪ್ಪಿದರೆ ತಪ್ಪಲಿ, ಇಡೀ ಆಟ ಹೋಗಬಾರದು. ಹಳೆಯ ಫೋನಿನಲ್ಲಿ ಬಿಸಿಯಾಗುತ್ತದೆಯಾ, ಡೌನ್‌ಲೋಡ್ ಗಾತ್ರ ಜಾಸ್ತಿಯಾ ಅಂತ ಇಲ್ಲೇ ನೋಡಿಕೊಳ್ಳಿ.

"ಅವನ ಹತ್ರ ಆ ಕಾರ್ಡ್ ಇತ್ತು"

ಏಳನೇ ದಿನದ ಆಸುಪಾಸು ಈ ಉತ್ತರ ಜಾಸ್ತಿ. ಇದು ಅರ್ಧ ನಿಜ, ಅರ್ಧ ನೆಪ. ಎರಡನ್ನೂ ಬೇರೆ ಮಾಡಬೇಕು.

ನಿಜದ ಭಾಗಕ್ಕೆ ಒಂದು ಲೆಕ್ಕ ಹಾಕೋಣ. ಹಾರ್ತ್‌ಸ್ಟೋನ್‌ನಲ್ಲಿ ಬೇಡದ ಕಾರ್ಡನ್ನು ಪುಡಿ ಮಾಡಬಹುದು, ಆ ಪುಡಿಯಿಂದ ಬೇಕಾದ ಕಾರ್ಡ್ ಮಾಡಿಕೊಳ್ಳಬಹುದು. ಸಾಮಾನ್ಯ ಕಾರ್ಡ್ ಪುಡಿ ಮಾಡಿದರೆ 5, ಅಪರೂಪದ್ದಕ್ಕೆ 20. ಅತಿ ದೊಡ್ಡ ದರ್ಜೆಯ ಒಂದು ಕಾರ್ಡ್ ಮಾಡಲು ಬೇಕಾದ್ದು 1600. ಹೊಸ ಕಾರ್ಡ್ ಸಿಗುವುದು ಮುಚ್ಚಿದ ಪ್ಯಾಕಿನಲ್ಲಿ, ಒಂದು ಪ್ಯಾಕಿನಲ್ಲಿ ಐದು ಕಾರ್ಡ್. ನಾಲ್ಕು ಸಾಮಾನ್ಯ, ಒಂದು ಅಪರೂಪದ್ದು ಬಂತು ಅಂದುಕೊಳ್ಳಿ. ಎಲ್ಲ ಪುಡಿ ಮಾಡಿದರೆ 40. ಅಂದರೆ 1600 ಕೂಡಿಸಲು 40 ಪ್ಯಾಕ್. ಇದು ಕೆಟ್ಟ ಅದೃಷ್ಟದ ಲೆಕ್ಕ, ನಡುವೆ ಒಳ್ಳೆಯ ಕಾರ್ಡೂ ಬರುತ್ತವೆ, ನಿಜದಲ್ಲಿ ಇಷ್ಟು ಬೇಕಾಗುವುದಿಲ್ಲ. ಆದರೂ ಹೊಸಬ ತನ್ನ ತಲೆಯಲ್ಲಿ ಹಾಕುವ ಲೆಕ್ಕ ಇದೇ. "ಇದೆಲ್ಲ ಆಗೋದಲ್ಲ ಬಿಡಪ್ಪ" ಅಂತ ಅನ್ನಿಸಿದ ದಿನವೇ ಅವನು ಹೋಗುತ್ತಾನೆ.

ನಿಮ್ಮ ಆಟದಲ್ಲಿ ಈ ಲೆಕ್ಕವನ್ನು ನೀವೇ ಹಾಕಿ. ದುಡ್ಡು ಹಾಕದೆ, ದಿನಕ್ಕೆ ಅರ್ಧ ಗಂಟೆ ಆಡುವವನಿಗೆ ತನ್ನದು ಅಂತ ಹೇಳಿಕೊಳ್ಳುವ ಒಂದು ಪೂರ್ತಿ ಡೆಕ್ ಎಷ್ಟನೇ ದಿನಕ್ಕೆ ಸಿಗುತ್ತದೆ? ನಮ್ಮಲ್ಲಿ ಉತ್ತರ ನೋಡಿ ನಮಗೇ ನಾಚಿಕೆಯಾಯಿತು. ಎಲ್ಲ ಕಾರ್ಡ್ ಬೇಕಿಲ್ಲ, ಒಂದು ಡೆಕ್ ಬೇಕು. ಒಂದು ವಾರದೊಳಗೆ ಅದು ಕೈಗೆ ಸಿಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ನೆಪದ ಭಾಗ. ದುಬಾರಿ ಅಂತ ಬಿಟ್ಟರು, ಬೆಲೆ ಇಳಿಸಿದರೆ ಬರುತ್ತಾರೆ ಅನ್ನುವ ನಂಬಿಕೆ ಈ ಕಸುಬಿನಲ್ಲಿ ಬಹಳ ಗಟ್ಟಿ. ಆರ್ಟಿಫ್ಯಾಕ್ಟ್ 20 ಡಾಲರ್ ಕೊಟ್ಟು ಕೊಳ್ಳಬೇಕಾದ ಆಟವಾಗಿತ್ತು, ಮೇಲೆ ಕಾರ್ಡಿಗೂ ದುಡ್ಡು. ಬೈಗುಳ ಎಲ್ಲ ಅದರ ಮೇಲೇ ಬಂತು. 2021ರ ಮಾರ್ಚ್‌ನಲ್ಲಿ ವಾಲ್ವ್ ಕೆಲಸ ನಿಲ್ಲಿಸಿ ಆಟವನ್ನು ಪುಕ್ಕಟೆ ಮಾಡಿತು. ಜನ ನುಗ್ಗಲಿಲ್ಲ. ಅಷ್ಟು ಹೊತ್ತಿಗೆ ಆಟ ಸತ್ತಿತ್ತು, ಹಾಗಾಗಿ ಇದು ಪೂರ್ತಿ ಪುರಾವೆ ಅಲ್ಲ, ಒಪ್ಪುತ್ತೇನೆ. ಇನ್ನೊಂದು ಕಡೆ ನೋಡಿ. ರಯಟ್ ಕಂಪನಿಯ 'ಲೆಜೆಂಡ್ಸ್ ಆಫ್ ರನೆಟೆರಾ' 2020ರಲ್ಲಿ ಬಂತು. ಕಾರ್ಡ್ ಕೊಡುವುದರಲ್ಲಿ ಕೈ ಬಿಚ್ಚಿ ಕೊಡುವ ಆಟ ಅಂತಲೇ ಹೆಸರು. 2024ರ ಜನವರಿಯಲ್ಲಿ ಕಂಪನಿ ಅದರ ತಂಡವನ್ನು ಚಿಕ್ಕದು ಮಾಡಿತು, ಹಣದ ದೃಷ್ಟಿಯಿಂದ ಆಟ ನಿಲ್ಲುತ್ತಿಲ್ಲ ಅಂತ ಹೇಳಿ ಗಮನವನ್ನು ಒಬ್ಬರೇ ಆಡುವ ಭಾಗಕ್ಕೆ ತಿರುಗಿಸಿತು. ಜಿಪುಣತನ ಆಟವನ್ನು ಕೊಲ್ಲಬಹುದು. ಧಾರಾಳತನ ಒಂದೇ ಅದನ್ನು ಸಾಕುವುದಿಲ್ಲ.

ನೆಪವೋ ನಿಜವೋ ತಿಳಿಯಲು ಸುಲಭ ದಾರಿ ಇದೆ. ಹತ್ತು ಜನ ಪರೀಕ್ಷಕರಿಗೆ ಎಲ್ಲ ಕಾರ್ಡನ್ನೂ ಪುಕ್ಕಟೆ ಬಿಟ್ಟುಕೊಡಿ. ಅವರೂ ಎರಡನೇ ವಾರ ಹೋದರೆ ದೋಷ ಕಾರ್ಡಿನ ಕೊರತೆಯಲ್ಲ. ನಮ್ಮ ಹತ್ತರಲ್ಲಿ ಹೆಚ್ಚಿನವರು ಹೋದರು. ಅವತ್ತು ನಾವು ಬೆಲೆಪಟ್ಟಿ ತಿದ್ದುವುದನ್ನು ನಿಲ್ಲಿಸಿದೆವು.

ಇದೇ ಜಾತಿಯ ಇನ್ನೊಂದು ದೋಷ ಹಳಬರನ್ನು ಕಾಡುತ್ತದೆ. ಹಾರ್ತ್‌ಸ್ಟೋನ್ 2016ರಿಂದ ಹಳೆಯ ಕಾರ್ಡುಗಳನ್ನು ಮುಖ್ಯ ಪಂದ್ಯಗಳಿಂದ ಹೊರಗಿಡುವ ಪದ್ಧತಿ ತಂದಿತು. ಆಟ ಹಳಸಬಾರದು ಅಂದರೆ ಅದು ಬೇಕು. ಆದರೆ ಪರೀಕ್ಷೆ ಅಂತ ಆರು ತಿಂಗಳು ಬಿಟ್ಟು ಬಂದ ಹುಡುಗನ ಡೆಕ್ ಚಲಾವಣೆಯಲ್ಲೇ ಇರುವುದಿಲ್ಲ. ಹಳೆ ನೋಟು ಹಿಡಿದು ಬ್ಯಾಂಕಿನ ಮುಂದೆ ನಿಂತ ಹಾಗೆ. 2020ರಲ್ಲಿ ಅವರೇ ಹೊಸಬರಿಗೂ ಬಹಳ ದಿನ ಬಿಟ್ಟು ಬಂದವರಿಗೂ ಒಂದು ಡೆಕ್ ಪುಕ್ಕಟೆ ಕೊಡುವುದನ್ನು ಶುರುಮಾಡಿದರು. ನೀವು ಮೊದಲ ದಿನದಿಂದಲೇ ಕೊಡಿ.

"ಎದುರಾಳಿನೇ ಸಿಗ್ಲಿಲ್ಲ" ಅಥವಾ "ಅವನು ಪೈಲ್ವಾನ"

ಎರಡೂ ಒಂದೇ ದೋಷ. ಕೆರೆಯಲ್ಲಿ ನೀರು ಕಮ್ಮಿ.

ರಾತ್ರಿ 200 ಜನ ಆಟದಲ್ಲಿದ್ದಾರೆ ಅಂದುಕೊಳ್ಳಿ. ನಾಲ್ಕು ತರದ ಪಂದ್ಯ ಇಟ್ಟಿದ್ದೀರಿ, ಪ್ರತಿಯೊಂದಕ್ಕೂ ಹತ್ತು ದರ್ಜೆ. ಸಮನಾಗಿ ಹಂಚಿದರೆ ಒಂದು ಮೂಲೆಗೆ ಐದು ಜನ. ಅದರಲ್ಲಿ ನಾಲ್ವರು ಆಗಲೇ ಆಡುತ್ತಿದ್ದಾರೆ. ಉಳಿದ ಒಬ್ಬ ಪರದೆ ನೋಡುತ್ತ ಕೂರುತ್ತಾನೆ, ಇಲ್ಲವೇ ಒಂದು ವರ್ಷದಿಂದ ಆಡುತ್ತಿರುವವನ ಕೈಗೆ ಸಿಕ್ಕಿ ಹಣ್ಣಾಗುತ್ತಾನೆ. ಜನ ಕಮ್ಮಿಯಾದಷ್ಟೂ ಜೋಡಿ ಕೆಡುತ್ತದೆ, ಜೋಡಿ ಕೆಟ್ಟಷ್ಟೂ ಜನ ಕಮ್ಮಿಯಾಗುತ್ತಾರೆ. ಈ ಸುಳಿಗೆ ಸಿಕ್ಕರೆ ಎದ್ದು ಬರುವುದು ಕಷ್ಟ.

ಪಂದ್ಯದ ತರಗಳನ್ನು ಕಡಿಮೆ ಮಾಡಿ, ಒಂದು ಸಾಕು. ನಾಲ್ಕನ್ನು ಒಂದಕ್ಕೆ ಇಳಿಸಲು ನಮ್ಮ ತಂಡದಲ್ಲಿ ಎರಡು ದಿನ ಜಗಳವಾಯಿತು. ಪ್ರತಿಯೊಂದಕ್ಕೂ ಒಬ್ಬೊಬ್ಬ ತಂದೆ ಇದ್ದ.

ಇನ್ನೊಂದು ಉಪಾಯ ನಮ್ಮ ಹಳ್ಳಿಗಳಿಂದಲೇ ಬಂದದ್ದು. ಚಿಕ್ಕ ಊರಿನಲ್ಲಿ ದಿನವಿಡೀ ಅಂಗಡಿ ತೆರೆದರೆ ನೊಣ ಹೊಡೆಯಬೇಕು. ಅದಕ್ಕೇ ವಾರಕ್ಕೊಂದು ಸಂತೆ. ಅವತ್ತು ಸುತ್ತಲಿನ ಊರಿನವರೆಲ್ಲ ಒಂದೇ ಹೊತ್ತಿಗೆ ಬರುತ್ತಾರೆ. ನಾವು ರಾತ್ರಿ ಎಂಟೂವರೆಯಿಂದ ಒಂಬತ್ತೂವರೆಯನ್ನು ಪಂದ್ಯದ ಹೊತ್ತು ಅಂತ ಮಾಡಿದೆವು. ಆಗ ಆಡಿದರೆ ಬಹುಮಾನ ಜಾಸ್ತಿ. ಬೇರೆ ಹೊತ್ತಿನಲ್ಲಿ ಯಂತ್ರದ ಜೊತೆ ಆಡಬಹುದು, ಅದು ಯಂತ್ರ ಅಂತ ದೊಡ್ಡದಾಗಿ ಬರೆದಿರುತ್ತೇವೆ. ಮನುಷ್ಯರ ಹೆಸರಿಟ್ಟು ಯಂತ್ರವನ್ನು ಕೂರಿಸುವವರಿದ್ದಾರೆ. ಗೊತ್ತಾದ ದಿನ ಆಟಗಾರ ಗೆದ್ದದ್ದೆಲ್ಲ ಸುಳ್ಳಾಗಿ ಕಾಣುತ್ತದೆ.

"ಗೊತ್ತಿಲ್ಲ"

ನಮ್ಮ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದ ಉತ್ತರ ಇದು. ನಾವು ಎಲ್ಲಕ್ಕಿಂತ ತಡವಾಗಿ ಗಮನಿಸಿದ್ದೂ ಇದನ್ನೇ. ಖಾಲಿ ಉತ್ತರ ಅಂತ ಪಕ್ಕಕ್ಕಿಟ್ಟಿದ್ದೆವು.

ನಿಯಮ ಗೊತ್ತು, ನೆಟ್ ಇತ್ತು, ಕಾರ್ಡೂ ಇತ್ತು, ಎದುರಾಳಿ ಸಮನಾದವನೇ. ಆದರೂ ಯಾಕೆ ಸೋತೆ ಅಂದರೆ ಗೊತ್ತಿಲ್ಲ.

ಇದರ ಅರ್ಥ ಬಿಡಿಸಿ ಹೇಳಿದ್ದು ರೈಲಿನಲ್ಲಿ ಸಿಕ್ಕ ಒಬ್ಬ ಗೆಳೆಯ. ಮಂಡ್ಯದಿಂದ ದಿನಾ ಬೆಂಗಳೂರಿಗೆ ಹೋಗಿ ಬರುವವನು. ನಮ್ಮ ಆಟ ಹಾಕಿಕೊಂಡಿದ್ದ, ಹತ್ತು ದಿನಕ್ಕೆ ಬಿಟ್ಟ. ಕೇಳಿದೆ. "ಸೋತಿದ್ದಕ್ಕೆ ಬ್ಯಾಸರ ಇಲ್ಲ ಕಣಣ್ಣ. ಎಂಗ್ ಸೋತೆ ಅಂತಾನೇ ಗೊತ್ತಾಗ್ದಿಲ್ವಲ್ಲ, ಅದಕ್ಕೆ ಬ್ಯಾಸರ" ಅಂದ. ಹೇಳುತ್ತಲೇ ಎದುರಿನ ಸೀಟಿನವರ ಜೊತೆ ರಮ್ಮಿಗೆ ಕೂತ. ಮೊಣಕಾಲ ಮೇಲೆ ಸೂಟ್‌ಕೇಸು, ಅದರ ಮೇಲೆ ಟವೆಲ್ಲು. ಒಂದು ಆಟ ಮುಗಿಯಿತು. ಆಗ ನಡೆದದ್ದನ್ನು ನಾನು ಜೀವಮಾನದಲ್ಲಿ ನೂರು ಸಲ ನೋಡಿದ್ದೇನೆ, ಅವತ್ತು ಮೊದಲ ಸಲ ಕಣ್ಣಿಗೆ ಬಿತ್ತು. ನಾಲ್ವರೂ ಕೈಯಲ್ಲಿದ್ದ ಎಲೆಗಳನ್ನು ಟವೆಲ್ ಮೇಲೆ ಬಿಚ್ಚಿ ಹಾಕಿದರು. "ಆ ಕಳಾವರ್ ಎಂಟ ಯಾಕ್ಲಾ ಎಸ್ದೆ? ನಾನು ಅದಕ್ಕೇ ಬಾಯ್ ಬುಟ್ಕೊಂಡ್ ಕೂತಿದ್ದೆ!" "ನಿನ್ ಹತ್ರ ಏಳು ಒಂಬತ್ತು ಇದೆ ಅಂತ ನಂಗೇನ್ ಕನಸ್ ಬಿದ್ದಿತ್ತಾ?" ಮದ್ದೂರು ಬರುವವರೆಗೂ ಜಗಳ. ಆಡಿದ್ದು ಹತ್ತು ನಿಮಿಷ, ಮಾತಾಡಿದ್ದು ಹತ್ತು ನಿಮಿಷ. ಆಮೇಲೆ ಮತ್ತೆ ಎಲೆ ಕಲಸಿದರು.

ಆ ಎರಡನೇ ಹತ್ತು ನಿಮಿಷ ಡಿಜಿಟಲ್ ಆಟದಲ್ಲಿ ಇಲ್ಲವೇ ಇಲ್ಲ. ನಮ್ಮ ಆಟದಲ್ಲಿ ಸೋತರೆ ದೊಡ್ಡ ಅಕ್ಷರದಲ್ಲಿ 'ಸೋಲು' ಅಂತ ಬರುತ್ತಿತ್ತು, ಕೆಳಗೆ 'ಮತ್ತೆ ಆಡಿ' ಅನ್ನುವ ಗುಂಡಿ. ಎದುರಾಳಿಯ ಕೈಯಲ್ಲಿ ಏನಿತ್ತು? ಇನ್ನೊಂದು ಸುತ್ತು ತಡೆದಿದ್ದರೆ ಏನಾಗುತ್ತಿತ್ತು? ಯಾರನ್ನು ಕೇಳುವುದು? ಮುಂದಿನ ಆಟ ಶುರುವಾಗಿರುತ್ತದೆ.

ಅದೃಷ್ಟದ ಪಾತ್ರ ಜಾಸ್ತಿ ಇರುವ ಕಡೆ ಈ ಗಾಯ ಇನ್ನೂ ಆಳ. ಆರ್ಟಿಫ್ಯಾಕ್ಟ್‌ನಲ್ಲಿ ಯಾವ ಪಾತ್ರ ಯಾರ ಮೇಲೆ ಬೀಳುತ್ತದೆ ಅನ್ನುವುದನ್ನು ಕೆಲವು ಸಲ ಒಂದು ಬಾಣದ ಗುರುತು ತೀರ್ಮಾನಿಸುತ್ತಿತ್ತು, ಆ ಬಾಣ ಯಾವ ಕಡೆ ತಿರುಗುತ್ತದೆ ಅನ್ನುವುದು ಅದೃಷ್ಟ. ಒಂದು ಆಟದಲ್ಲಿ ಇಂಥ ಹತ್ತಾರು ಬಾಣ ಬಂದು ಕೊನೆಗೆ ಹೆಚ್ಚು ಕಡಿಮೆ ಸರಿತೂಗಬಹುದು. ಚೆನ್ನಾಗಿ ಆಡಿದವರೇ ಗೆಲ್ಲಬಹುದು. ಆದರೆ ಸೋತವನ ನೆನಪಿನಲ್ಲಿ ಉಳಿಯುವುದು ಕೊನೆಯ ಬಾಣ ಒಂದೇ. ತನ್ನ ತಪ್ಪು ಅವನಿಗೆ ಕಾಣುವುದಿಲ್ಲ, ಹಾಗಾಗಿ ತಿದ್ದಿಕೊಳ್ಳಲು ಏನೂ ಇರುವುದಿಲ್ಲ. ತಿದ್ದಿಕೊಳ್ಳಲು ಏನೂ ಇಲ್ಲದ ಆಟಕ್ಕೆ ನಾಳೆ ಯಾಕೆ ಬರಬೇಕು?

ಅದೃಷ್ಟ ತೆಗೆದುಹಾಕಿ ಅಂತ ಹೇಳುತ್ತಿಲ್ಲ. ಎಲೆ ಕಲಸುವುದೇ ಅದೃಷ್ಟ, ಅದಿಲ್ಲದಿದ್ದರೆ ಚದುರಂಗ ಆಡಬಹುದು. ಹೊಸಬ ಅಪರೂಪಕ್ಕಾದರೂ ಹಳಬನನ್ನು ಹೊಡೆಯಬೇಕು. ಅದೃಷ್ಟ ಎಲ್ಲಿ ಕೈ ಕೊಟ್ಟಿತು, ತಾನು ಎಲ್ಲಿ ತಪ್ಪಿದೆ ಅನ್ನುವುದು ಬೇರೆ ಬೇರೆಯಾಗಿ ಕಾಣಬೇಕು, ಅಷ್ಟೇ.

ಪರೀಕ್ಷಿಸುವುದು ಹೀಗೆ. ಸೋತವನಿಗೆ ಅವನ ಆಟವನ್ನೇ ಮತ್ತೆ ತೋರಿಸಿ, ಈ ಸಲ ಎದುರಾಳಿಯ ಕಾರ್ಡುಗಳನ್ನೂ ಬಿಚ್ಚಿಟ್ಟು. ನೋಡಿದ ಮೇಲೆ "ಅಯ್ಯೋ, ಇಲ್ಲಿ ಕೆಟ್ಟೆ" ಅಂದರೆ ಆಟ ಸರಿಯಾಗಿದೆ, ತೋರಿಸುವುದರಲ್ಲಿ ದೋಷ. ನೋಡಿದ ಮೇಲೂ "ಗೊತ್ತಿಲ್ಲ" ಅಂದರೆ ದೋಷ ಕಾರ್ಡುಗಳ ಒಳಗೇ ಇದೆ. ಒಂದರ ಪರಿಣಾಮ ಇನ್ನೊಂದನ್ನು ಎಬ್ಬಿಸಿ, ಅದು ಮತ್ತೊಂದನ್ನು ಎಬ್ಬಿಸಿ, ಕಣ್ಣು ಮಿಟುಕಿಸುವುದರಲ್ಲಿ ಐದು ಘಟನೆ ನಡೆದುಹೋಗುತ್ತಿರಬಹುದು. ಅಂಥ ಕಾರ್ಡುಗಳನ್ನು ನಾವು ಹನ್ನೆರಡು ಕಿತ್ತುಹಾಕಿದೆವು. ಅದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಹುಲಿ ಕಾರ್ಡೂ ಇತ್ತು. ಇರಲಿ.

ತೋರಿಸುವ ದೋಷಕ್ಕೆ ನಾವು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಆಟ ಮುಗಿದ ಕೂಡಲೇ ಇಬ್ಬರ ಕೈಯಲ್ಲಿ ಉಳಿದ ಕಾರ್ಡುಗಳೂ ಪರದೆ ಮೇಲೆ ಬಿಚ್ಚಿಕೊಳ್ಳುತ್ತವೆ, ಟವೆಲ್ ಮೇಲೆ ಹಾಕಿದ ಹಾಗೇ. ಕೊನೆಯ ಮೂರು ಸುತ್ತುಗಳನ್ನು ಹಿಂದೆ ಮುಂದೆ ತಳ್ಳಿ ನೋಡಬಹುದು. ಇಬ್ಬರೂ ಒಪ್ಪಿದರೆ ಎರಡು ನಿಮಿಷ ಮಾತಾಡಬಹುದು. ಬೈಗುಳ ಬರುತ್ತದೆ ಅನ್ನುವ ಹೆದರಿಕೆ ಇತ್ತು. ಹಾರ್ತ್‌ಸ್ಟೋನ್ ಅಪರಿಚಿತರ ನಡುವೆ ಪಂದ್ಯದಲ್ಲಿ ಸಿದ್ಧ ಮಾತುಗಳನ್ನು ಬಿಟ್ಟು ಬೇರೆ ಬರೆಯಲು ಬಿಡದಿರುವುದು ಸುಮ್ನೆ ಅಲ್ಲ. ನಮ್ಮಲ್ಲೂ ಬೈಗುಳ ಬಂದವು. ಅದಕ್ಕೆ ದೂರಿನ ಗುಂಡಿ ಇಟ್ಟೆವು. ಜೊತೆಗೆ ಕಾರ್ಡಿನ ಮೇಲೆ ಬೆರಳಿಟ್ಟರೆ "ಇದನ್ನ ಯಾಕೆ ಎಸೆದೆ?" ಅನ್ನುವ ಒಂದು ಸಿದ್ಧ ಮಾತು. ಅದೇ ಎಲ್ಲಕ್ಕಿಂತ ಜಾಸ್ತಿ ಬಳಕೆಯಾಗುತ್ತಿದೆ.

ಗೆದ್ದವರೂ ಬಿಟ್ಟರೆ

ಮೊದಲೇ ಹೇಳಿದ ಆ ಬೇರೆ ಕಾಯಿಲೆ ಇದು. ದಿನಾ ಬರುತ್ತಿದ್ದವನು, ಗೆಲ್ಲುತ್ತಿದ್ದವನು, ಒಂದು ದಿನ ನಿಲ್ಲಿಸುತ್ತಾನೆ. ಅವನ ದಿನಚರಿಯ ದಾಖಲೆ ತೆಗೆದು ನೋಡಿ. ಬಹುಮಾನಕ್ಕೆ ಅಂತ ಆಟ ಕೊಡುವ ದಿನದ ಮೂರು ಕೆಲಸ ಮುಗಿಸಿ ತಕ್ಷಣ ಹೊರಟಿದ್ದಾನಾ? ಹಾಗಿದ್ದರೆ ಅವನು ಆಡುತ್ತಿರಲಿಲ್ಲ, ಹಾಜರಿ ಹಾಕುತ್ತಿದ್ದ. ಒಂದು ದಿನ ಹಾಜರಿ ತಪ್ಪಿ ಸರಣಿ ಮುರಿಯಿತು, ಅಲ್ಲಿಗೆ ಬಂಧ ಹರಿಯಿತು. ದಿನದ ಕೆಲಸವನ್ನು ವಾರದ ಕೆಲಸ ಮಾಡಿ, ತಪ್ಪಿದರೆ ದಂಡ ಬೇಡ.

ಮನೆಯ ಕಾರಣವೂ ಒಂದಿದೆ, ನಮ್ಮ ಕಡೆ ಅದನ್ನು ಮರೆಯುವ ಹಾಗಿಲ್ಲ. ಕಾರ್ಡ್ ಅಂದ ಕೂಡಲೇ ಅಮ್ಮಂದಿರಿಗೆ ಇಸ್ಪೀಟು, ಇಸ್ಪೀಟು ಅಂದರೆ ಜೂಜು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ ಕಾನೂನು ತಂದು ನಿಷೇಧಿಸಿದ ಮೇಲೆ ಈ ಅನುಮಾನ ಇನ್ನೂ ಜಾಸ್ತಿಯಾಯಿತು. ನಮ್ಮಕ್ಕನೇ ಕೇಳಿದಳು, "ನೀನು ಮಾಡಿರೋ ಆಟಕ್ಕೆ ಪೊಲೀಸ್ನೋರು ಬರಲ್ವೇನೋ?" ಪಣ ಇಲ್ಲ, ಗೆದ್ದರೆ ದುಡ್ಡು ಬರುವುದಿಲ್ಲ ಅನ್ನುವುದನ್ನು ಮೊದಲ ಪರದೆಯಲ್ಲೇ ಕನ್ನಡದಲ್ಲಿ ಬರೆಯಿರಿ. ಮುಚ್ಚಿದ ಪ್ಯಾಕ್ ಮಾರುತ್ತಿದ್ದರೆ ಒಳಗೆ ಯಾವ ದರ್ಜೆಯ ಕಾರ್ಡ್ ಎಷ್ಟು ಸಾಧ್ಯತೆ ಅನ್ನುವುದನ್ನೂ ಬರೆಯಿರಿ. ಅಕ್ಕನ ಮಗ ಈಗ ಊಟದ ಮೇಜಿನಲ್ಲೇ ಆಡುತ್ತಾನೆ, ಬಚ್ಚಿಟ್ಟುಕೊಂಡು ಅಲ್ಲ.

ಮಂಡ್ಯದ ಗೆಳೆಯನೂ ವಾಪಸ್ ಬಂದಿದ್ದಾನೆ. ರಾತ್ರಿ ಎಂಟೂವರೆಗೆ ರೈಲಿನಲ್ಲಿ ಇರುತ್ತಾನಂತೆ, ಸಂತೆಯ ಹೊತ್ತು ಒಂಬತ್ತಕ್ಕೆ ಮಾಡಿ ಅನ್ನುತ್ತಾನೆ. ಎದುರಾಳಿಗೆ ಯೋಚಿಸಲು 75 ಸೆಕೆಂಡ್ ಕೊಟ್ಟಿದ್ದೀರಲ್ಲ, ಅಷ್ಟರಲ್ಲಿ ನಾನು ವಡೆ ತಿಂದು ಕೈ ತೊಳೆದು ಬರಬಹುದು ಅಂತ ಇನ್ನೊಂದು ತಕರಾರು. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. 75 ಸೆಕೆಂಡನ್ನು ನಾವು ಹಾರ್ತ್‌ಸ್ಟೋನ್ ನೋಡಿ ಇಟ್ಟಿದ್ದೆವು. ಈ ವಾರ 40ಕ್ಕೆ ಇಳಿಸಿ ನೋಡುತ್ತಿದ್ದೇವೆ, ಬೇರೆ ಏನನ್ನೂ ಮುಟ್ಟದೆ.